ಇಷ್ಟು ಸದ್ದಿನಲ್ಲಿ ಧ್ಯಾನ ಎಲ್ಲಿದೆ? ತೈಕೊ ಡೋಲು ಮತ್ತು ಅದರ ಮುಂದೆ ನಿಂತ ಹೆಂಗಸರು

ಹಳೆಯ ಕಾರಿನ ಟೈರೊಂದರ ಬಾಯಿಗೆ ಅಗಲವಾದ ಪ್ಯಾಕಿಂಗ್ ಟೇಪನ್ನು ಅಡ್ಡಡ್ಡ, ಉದ್ದುದ್ದ, ಮತ್ತೆ ಓರೆಯಾಗಿ ಎಳೆದೆಳೆದು ಸುತ್ತುತ್ತಾರೆ. ಪದರದ ಮೇಲೆ ಪದರ ಕೂರುತ್ತಾ ಹೋದಂತೆ ಅದು ಚರ್ಮದ ಹಾಗೆ ಬಿಗಿದುಕೊಳ್ಳುತ್ತದೆ. ಸ್ಟೂಲಿನ ಮೇಲೆ ಕೂರಿಸಿದರೆ ಅಭ್ಯಾಸದ ಡೋಲು ತಯಾರು. ಜಪಾನಿನ ತೈಕೊ ಕಲಿಯಬೇಕೆಂದು ಅಮೆರಿಕ, ಕೆನಡಾಗಳ ತಂಡಗಳಿಗೆ ಸೇರುವ ಎಷ್ಟೋ ಮಂದಿಗೆ ಮೊದಲು ಸಿಗುವುದು ಈ ಟೈರು. ಒಂದೇ ಮರದ ದಿಮ್ಮಿಯನ್ನು ಕೊರೆದು, ಹಸುವಿನ ಚರ್ಮ ಬಿಗಿದು, ಸುತ್ತಲೂ ಸಾಲಾಗಿ ಮೊಳೆ ಹೊಡೆದು ಮಾಡಿದ ನಿಜವಾದ ತೈಕೊ ಬಹಳ ದುಬಾರಿ. ಅದರ ಮುಂದೆ ನಿಲ್ಲುವ ಸರದಿ ಆಮೇಲೆ ಬರುತ್ತದೆ.

ಕಚೇರಿ ಮುಗಿಸಿ, ಮಕ್ಕಳ ಊಟದ ಏರ್ಪಾಡು ಮಾಡಿ ಬಂದ ಹೆಂಗಸರು ಈ ಟೈರುಗಳ ಮುಂದೆ ಸಾಲಾಗಿ ನಿಲ್ಲುತ್ತಾರೆ. ಕೈಯಲ್ಲಿ ‘ಬಚಿ’ ಎಂಬ ಎರಡು ಕೋಲುಗಳು, ಲಟ್ಟಣಿಗೆಗಿಂತ ತುಸು ಸಣ್ಣ, ಹೆಚ್ಚುಕಡಿಮೆ ಮೊಳದುದ್ದ. ಕಲಿಸುವವರ ಮೊದಲ ಮಾತು ಕೋಲಿನ ಬಗ್ಗೆ ಇರುವುದಿಲ್ಲ. ಕಾಲು ಅಗಲಿಸಿ, ಇನ್ನೂ ಅಗಲಿಸಿ ಎನ್ನುತ್ತಾರೆ. ಎಡಗಾಲು ಮುಂದಿಟ್ಟು ಮಂಡಿ ಬಾಗಿಸಬೇಕು, ಬಲಗಾಲನ್ನು ಹಿಂದಕ್ಕೆ ನೇರವಾಗಿ ಚಾಚಬೇಕು, ಸೊಂಟ ಕೆಳಗಿಳಿಯಬೇಕು. ಕಾಲು ಕೂಡಿಸಿ ಕೂತುಕೋ, ಮೆಲ್ಲಗೆ ನಡೆ, ಮೈ ಮುದುರಿಕೋ ಎಂದು ಚಿಕ್ಕಂದಿನಿಂದ ಕೇಳಿಕೊಂಡು ಬಂದ ದೇಹಗಳಿಗೆ ಇಷ್ಟು ಜಾಗ ಹಿಡಿದು ನಿಲ್ಲುವುದೇ ಮೊದಲ ಪಾಠ, ಮತ್ತು ಅದು ಸುಲಭದ ಪಾಠವಲ್ಲ.

ಆಮೇಲೆ ಎಲ್ಲ ಕೋಲುಗಳೂ ಒಟ್ಟಿಗೆ ಬೀಳುತ್ತವೆ. ನಿಜವಾದ ಡೋಲುಗಳಾದರೆ ನೆಲ ನಡುಗುತ್ತದೆ, ಎದೆಗೂಡಿನೊಳಗೆ ಏನೋ ಗುದ್ದಿದಂತಾಗುತ್ತದೆ. ಇದನ್ನು ‘ಮೈಂಡ್‌ಫುಲ್‌ನೆಸ್’, ಅಂದರೆ ಈ ಕ್ಷಣದಲ್ಲೇ ಮನಸ್ಸಿಟ್ಟಿರುವ ಸಾಧನೆ ಎಂದು ಯಾರಾದರೂ ಹೇಳಿದರೆ ಕೇಳಿದವರಿಗೆ ಗೊಂದಲವಾಗುವುದು ಸಹಜ. ಧ್ಯಾನವೆಂದರೆ ಕಣ್ಣು ಮುಚ್ಚಿ ಮೌನವಾಗಿ ಕೂರುವುದು ಎಂದೇ ನಾವು ತಿಳಿದಿದ್ದೇವೆ. ಆದರೆ ನಮ್ಮಲ್ಲೇ ‘ಅವಧಾನ’ ಎಂಬ ಮಾತೂ ಇದೆ. ಅಷ್ಟಾವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು ಕೂತು ಸಮಸ್ಯೆ ಒಡ್ಡುತ್ತಾರೆ, ನಡುವೆ ಬಾಯಿ ಹಾಕುತ್ತಾರೆ, ಕೆಲವು ಕಡೆ ಗಂಟೆ ಬಡಿದು ಎಣಿಸು ಎನ್ನುತ್ತಾರೆ. ಅಷ್ಟರ ನಡುವೆಯೂ ಆತನ ಮನಸ್ಸು ಪದ್ಯದ ಎಳೆ ಬಿಡುವುದಿಲ್ಲ. ತೈಕೊದಲ್ಲಿ ನಡೆಯುವುದು ಈ ಜಾತಿಯ ಏಕಾಗ್ರತೆ. ಸದ್ದನ್ನು ದೂರವಿಟ್ಟು ಪಡೆಯುವ ಶಾಂತಿಯಲ್ಲ ಇದು, ಸದ್ದಿನ ಒಳಗೇ ನಿಂತು ಪಡೆಯುವ ಎಚ್ಚರ. ಅದು ಹೇಗೆ ಸಾಧ್ಯವಾಗುತ್ತದೆ, ಮತ್ತು ಹೆಂಗಸರಿಗೆ ಯಾಕೆ ಇಷ್ಟು ಹತ್ತಿರವಾಯಿತು ಎಂಬುದನ್ನು ಬಿಡಿಸಿ ನೋಡಬೇಕು.

ಹಳೆಯದೆನಿಸುವ ಹೊಸ ಕಲೆ

ಜಪಾನಿ ಭಾಷೆಯಲ್ಲಿ ತೈಕೊ ಅಂದರೆ ಡೋಲು, ಅಷ್ಟೇ. ಅಲ್ಲಿ ಡೋಲು ಬಹಳ ಹಳೆಯದು. ಗುನ್ಮಾ ಪ್ರಾಂತ್ಯದಲ್ಲಿ ಸಿಕ್ಕ ಆರನೆಯ ಶತಮಾನದ ಮಣ್ಣಿನ ಗೊಂಬೆಯೊಂದು ಡೋಲು ಬಾರಿಸುತ್ತಾ ನಿಂತಿದೆ. ದೇವಾಲಯಗಳಲ್ಲಿ, ನೋ ಮತ್ತು ಕಬುಕಿ ರಂಗಭೂಮಿಗಳಲ್ಲಿ, ಊರ ಹಬ್ಬಗಳಲ್ಲಿ, ಯುದ್ಧದ ಬಿಡಾರಗಳಲ್ಲಿ ಅದಕ್ಕೆ ಜಾಗವಿತ್ತು. ಆದರೆ ನಾವು ಇಂದು ವೇದಿಕೆಯ ಮೇಲೆ ನೋಡುವ, ಹತ್ತಾರು ಜನ ಬೇರೆ ಬೇರೆ ಅಳತೆಯ ಡೋಲುಗಳನ್ನು ಒಟ್ಟಾಗಿ ಬಾರಿಸುವ ‘ಕುಮಿ ದೈಕೊ’ ಪದ್ಧತಿಗೆ ಇನ್ನೂ ನೂರು ವರ್ಷ ತುಂಬಿಲ್ಲ. ನಾಗಾನೊ ಪ್ರಾಂತ್ಯದ ಸುವಾ ಎಂಬಲ್ಲಿ ದೈಹಚಿ ಒಗುಚಿ ಎಂಬ ಜಾಝ್ ಡ್ರಮ್ ವಾದಕರಿದ್ದರು. ಊರಿನ ದೇವಾಲಯಕ್ಕೆ ಸಂಬಂಧಿಸಿದ ಹಳೆಯ ಡೋಲಿನ ಬರಹವೊಂದನ್ನು ಓದಿ ಹೇಳುವ ಕೆಲಸ ಅವರ ಪಾಲಿಗೆ ಬಂತು. ಜಾಝ್ ಡ್ರಮ್ ಸೆಟ್ಟಿನಲ್ಲಿ ಒಬ್ಬನೇ ಕೂತು ದೊಡ್ಡದು, ಚಿಕ್ಕದು, ತಾಳ ಎಲ್ಲವನ್ನೂ ನೋಡಿಕೊಳ್ಳುತ್ತಾನಲ್ಲ, ಆ ಕೆಲಸಗಳನ್ನು ಬೇರೆ ಬೇರೆ ಜನರಿಗೆ, ಬೇರೆ ಬೇರೆ ತೈಕೊಗಳಿಗೆ ಹಂಚಿದರೆ ಹೇಗೆ ಎಂದು ಅವರಿಗೆ ಹೊಳೆಯಿತು. 1951ರಲ್ಲಿ ಅವರು ಕಟ್ಟಿದ ಒಸುವಾ ದೈಕೊ ಈ ಪದ್ಧತಿಯ ಮೂಲ.

1959ರಲ್ಲಿ ಟೋಕಿಯೊದಲ್ಲಿ ಸುಕೆರೊಕು ತಂಡ ಬಂತು. ಗತಿಸಿದ ಹಿರಿಯರನ್ನು ನೆನೆಯುವ ಬಾನ್ ಹಬ್ಬದ ಕುಣಿತದ ಡೋಲಿನಿಂದ ಮೈ ಬಳುಕಿಸುವ ಸೊಗಸನ್ನು ತಂದಿತು. 1969ರ ಹೊತ್ತಿಗೆ ಸಾದೊ ದ್ವೀಪದಲ್ಲಿ ಒಂದೆಕೊಜಾ ಶುರುವಾಯಿತು. ದಿನವೂ ಮೈಲಿಗಟ್ಟಲೆ ಓಡುತ್ತಿದ್ದ ಇವರು 1975ರಲ್ಲಿ ಬೋಸ್ಟನ್ ಮ್ಯಾರಥಾನ್ ಓಡಿ, ಓಟ ಮುಗಿದಲ್ಲೇ ಡೋಲು ಬಾರಿಸಿ ಜಗತ್ತಿನ ಕಣ್ಣಿಗೆ ಬಿದ್ದರು. ಅವರಿಂದ ಕವಲೊಡೆದ ಕೊದೊ ತಂಡ 1981ರಲ್ಲಿ ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ ಕೊಟ್ಟಿತು. ‘ಕೊದೊ’ ಎಂದರೆ ಎದೆಬಡಿತ.

ಭಿತ್ತಿಪತ್ರಗಳಲ್ಲಿ ‘ಸಾವಿರಾರು ವರ್ಷಗಳ ಪರಂಪರೆ’ ಎಂದು ಬರೆಯುವುದು ಅರ್ಧ ಸತ್ಯ. ನಾನು ಇದನ್ನು ಒತ್ತಿ ಹೇಳಲು ಕಾರಣವಿದೆ. ಹಳೆಯ ಹಬ್ಬದ ಡೋಲಿಗೆ ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬ ಕಟ್ಟಳೆಗಳಿದ್ದವು. ಹೊಸ ಪದ್ಧತಿಗೆ ಅಂಥ ಕಟ್ಟಳೆ ಇನ್ನೂ ಗಟ್ಟಿಯಾಗಿ ಕೂತಿರಲಿಲ್ಲ. ಹೆಂಗಸರು ಒಳಬಂದದ್ದು ಆ ಬಿರುಕಿನಲ್ಲಿ.

ಬಾಯಿ, ತೋಳು, ಉಸಿರು

ಮೃದಂಗವೋ ತಬಲಾವೋ ಕಲಿತವರಿಗೆ ತೈಕೊ ತರಗತಿ ಅಪರಿಚಿತ ಎನಿಸುವುದಿಲ್ಲ. ಅಲ್ಲಿಯೂ ಕೈಗಿಂತ ಮೊದಲು ಬಾಯಿ. ‘ಕುಚಿ ಶೋಗಾ’ ಎಂದು ಅದಕ್ಕೆ ಹೆಸರು. ‘ಕುಚಿ’ ಅಂದರೆ ಬಾಯಿ. ಡೋಲಿನ ನಡುವಿಗೆ ಬೀಳುವ ಗಟ್ಟಿ ಪೆಟ್ಟು ‘ದೊಂ’. ಅದೇ ಅವಧಿಯಲ್ಲಿ ಎರಡು ಪೆಟ್ಟು ಬಿದ್ದರೆ ‘ದೊಕೊ’. ಅಂಚಿನ ಮರಕ್ಕೆ ತಾಗಿಸಿದರೆ ‘ಕ’. ಹಗ್ಗದಿಂದ ಬಿಗಿದ ಚಿಕ್ಕ ‘ಶಿಮೆ’ ಡೋಲಿನ ಚುರುಕು ಸದ್ದಿಗೆ ‘ತೆನ್’, ‘ತೆಕೆ’. ಸುಮ್ಮನಿರುವ ಜಾಗಕ್ಕೂ ಒಂದು ಅಕ್ಷರವಿದೆ, ‘ಸು’. ದೊಂ ದೊಂ ದೊಕೊ ದೊಂ, ಸು ದೊಂ ದೊಕೊ ದೊಂ ಎಂದು ಬಾಯಲ್ಲಿ ಹೇಳಲು ಬರುವ ತನಕ ಕೋಲು ಎತ್ತಬೇಡಿ ಎನ್ನುವ ಗುರುಗಳಿದ್ದಾರೆ. ತಕಿಟ, ತಕಧಿಮಿ ಎಂದು ತೊಡೆ ತಟ್ಟಿಕೊಂಡು ಕಲಿತ ನಮ್ಮವರಿಗೆ ಇದರ ಮರ್ಮ ಬಿಡಿಸಿ ಹೇಳಬೇಕಿಲ್ಲ. ಬಾಯಲ್ಲಿ ನಿಂತ ಲಯ ಕೈಗೆ ತಾನಾಗಿ ಇಳಿಯುತ್ತದೆ.

ಮನಸ್ಸಿಗೆ ಇದರಿಂದ ಆಗುವ ಉಪಕಾರವನ್ನು ಗಮನಿಸಿ. ನಾವು ಚಿಂತೆ ಮಾಡುವುದು ಬಹುಪಾಲು ಮಾತಿನಲ್ಲಿ. ನಾಳೆಯ ಮೀಟಿಂಗು, ಅತ್ತೆಯ ಮಾತ್ರೆ, ಕಟ್ಟಬೇಕಾದ ಶುಲ್ಕ, ಎಲ್ಲವೂ ತಲೆಯೊಳಗೆ ಮಾತಾಗಿ ಸುತ್ತುತ್ತಿರುತ್ತವೆ. ಬಾಯಿ ಮತ್ತು ಒಳಗಿನ ದನಿ ಎರಡೂ ‘ದೊಂ ದೊಕೊ’ ಹೇಳುವುದರಲ್ಲಿ ತೊಡಗಿದಾಗ ಆ ಮಾತುಗಳಿಗೆ ಕೂರಲು ಜಾಗವಿರುವುದಿಲ್ಲ. ಮಂತ್ರಜಪದಲ್ಲಿ ನಡೆಯುವುದೂ ಇದೇ ಅಲ್ಲವೇ? ಇಲ್ಲಿ ಜಪದ ಜೊತೆಗೆ ಇಡೀ ಮೈ ಸೇರಿಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಎಡ ಬಲ ತಪ್ಪಿದರೆ, ಕ್ಷಣ ಮೈಮರೆತರೆ, ಪಕ್ಕದವಳ ಕೋಲು ಮೇಲಿರುವಾಗ ನಿಮ್ಮದು ಕೆಳಗಿರುತ್ತದೆ. ಮನಸ್ಸು ಅಲೆದದ್ದು ಕುಳಿತು ಮಾಡುವ ಧ್ಯಾನದಲ್ಲಿ ಎಷ್ಟೋ ಹೊತ್ತು ಗೊತ್ತೇ ಆಗದಿರಬಹುದು. ತೈಕೊದಲ್ಲಿ ಮುಂದಿನ ಪೆಟ್ಟಿಗೇ ಗೊತ್ತಾಗುತ್ತದೆ. ಯಾರೂ ಬೈಯುವುದಿಲ್ಲ, ಲಯವೇ ಕರೆದು ವಾಪಸು ಕೂರಿಸುತ್ತದೆ.

ಎರಡನೆಯದು ತೋಳು. ಹೊಸಬರು ಭುಜದ ಬಲ ಹಾಕಿ ಬಡಿಯುತ್ತಾರೆ. ಹತ್ತು ನಿಮಿಷದಲ್ಲಿ ಭುಜ ಸೋಲುತ್ತದೆ, ಸದ್ದು ಮಾತ್ರ ಒಣಗಿದಂತೆ ಬರುತ್ತದೆ. ಕಲಿತವರು ತೋಳನ್ನು ನೆಟ್ಟಗೆ ಮೇಲೆತ್ತಿ, ಕೋಲಿನ ತುದಿ ಸೂರನ್ನು ನೋಡುವಂತೆ ಮಾಡಿ, ಆಮೇಲೆ ತೋಳಿನ ಭಾರವನ್ನು ಬೀಳಲು ಬಿಡುತ್ತಾರೆ. ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತಿರುಗುತ್ತದೆ, ಚರ್ಮ ತಾನಾಗಿ ಕೋಲನ್ನು ಮೇಲಕ್ಕೆ ಎಸೆಯುತ್ತದೆ. ಬಲ ಬರುವುದು ಹೊಕ್ಕುಳ ಕೆಳಗಿನ ಭಾಗದಿಂದ, ಸೊಂಟದಿಂದ, ನೆಲಕ್ಕೆ ಒತ್ತಿದ ಪಾದದಿಂದ. ದಪ್ಪ ತೋಳಿನ ಗಂಡಸರೇ ಬೇಕು ಎಂಬ ನಂಬಿಕೆ ಇಲ್ಲಿ ಕುಸಿದುಬೀಳುತ್ತದೆ. ಮೈಭಾರವನ್ನು ಸರಿಯಾಗಿ ಬಿಡಲು ಬಲ್ಲ ಸಣ್ಣ ಮೈಕಟ್ಟಿನ ಹೆಂಗಸಿನ ಪೆಟ್ಟು, ಬಿಗಿದುಕೊಂಡು ಬಡಿಯುವ ಪೈಲ್ವಾನನ ಪೆಟ್ಟಿಗಿಂತ ತುಂಬಿಕೊಂಡು ಕೇಳುತ್ತದೆ.

ಮೂರನೆಯದು ಉಸಿರು, ಮತ್ತು ಅದರೊಂದಿಗೆ ಕೂಗು. ಗಮನವಿಟ್ಟು ಏನಾದರೂ ಮಾಡುವಾಗ ನಾವು ಉಸಿರು ಬಿಗಿಹಿಡಿಯುತ್ತೇವೆ. ಸೂಜಿಗೆ ದಾರ ಪೋಣಿಸುವಾಗ ನೋಡಿ. ಉಸಿರು ಹಿಡಿದರೆ ತೋಳು ಸೆಟೆದುಕೊಳ್ಳುತ್ತದೆ, ತೋಳು ಸೆಟೆದರೆ ಲಯ ಓಡುತ್ತದೆ. ತೈಕೊದವರು ಇದಕ್ಕೆ ಕಂಡುಕೊಂಡ ಮದ್ದು ‘ಕಿಯಾಯ್’, ಹೊಟ್ಟೆಯಾಳದಿಂದ ಬರುವ ಗಟ್ಟಿ ಕೂಗು. ಕೂಗಬೇಕಾದರೆ ಉಸಿರು ಹೊರಬರಲೇಬೇಕು. ಹೊರಬಂದ ಮೇಲೆ ಒಳಗೆ ಬರಲೇಬೇಕು. ಉಸಿರನ್ನು ಗಮನಿಸಿ ಎಂದು ಹೇಳದೆಯೇ ಉಸಿರಾಟ ಸರಿಹೋಗುತ್ತದೆ.

ಹೊಸಬರಲ್ಲಿ ಬಹಳ ಹೆಂಗಸರಿಗೆ ಕಷ್ಟವಾಗುವುದು ಈ ಕೂಗೇ. ಡೋಲು ಬಡಿಯಲು ಹಿಂಜರಿಯದವರೂ ಕೂಗು ಎಂದಾಗ ಗಂಟಲಲ್ಲೇ ತಡೆದುಕೊಳ್ಳುತ್ತಾರೆ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಡೋಲಿನ ಸದ್ದು ಡೋಲಿನದು, ಕೂಗು ಮಾತ್ರ ತನ್ನದು. ಜೀವಮಾನವಿಡೀ ತಗ್ಗಿಸಿಕೊಂಡ ದನಿಯನ್ನು ಹತ್ತು ಜನರ ನಡುವೆ ಪೂರ್ತಿ ಹೊರಬಿಡುವುದು ಸಣ್ಣ ಸಂಗತಿಯಲ್ಲ. ಎಲ್ಲರೂ ಒಟ್ಟಿಗೆ ಕೂಗುವ ಕಡೆ ಮೊದಲು ಸೇರಿಕೊಳ್ಳುತ್ತಾರೆ. ಎಷ್ಟೋ ವಾರಗಳ ನಂತರ ಒಂದು ಸಂಜೆ ಒಬ್ಬಳೇ ಕೂಗುವ ಜಾಗ ಬರುತ್ತದೆ, ಕೂಗುತ್ತಾಳೆ.

ಇಷ್ಟು ಸದ್ದಿನ ಕಲೆಯಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಸದ್ದಿಲ್ಲದ ಜಾಗ. ಅದಕ್ಕೆ ‘ಮಾ’ ಎನ್ನುತ್ತಾರೆ. ಅದನ್ನು ಬರೆಯುವ ಅಕ್ಷರದಲ್ಲಿ ಬಾಗಿಲಿನ ಎರಡು ಕದಗಳ ನಡುವೆ ಸೂರ್ಯನ ಚಿತ್ರವಿದೆ, ಸಂದಿಯಿಂದ ಬೆಳಕು ಇಣುಕಿದ ಹಾಗೆ. ನಮ್ಮ ತಾಳದಲ್ಲಿ ಘಾತದ ಜೊತೆ ಹುಸಿ ಇರುತ್ತದಲ್ಲ, ಪೆಟ್ಟಿಲ್ಲದೆ ಕೈ ಬೀಸಿ ಎಣಿಸುವ ಜಾಗ, ‘ಮಾ’ ಅದಕ್ಕೆ ಹತ್ತಿರದ ನೆಂಟ. ಆದರೆ ಹುಸಿಯನ್ನು ಎಣಿಸುತ್ತೇವೆ, ‘ಮಾ’ ಎಣಿಕೆಗೆ ಸಿಗುವುದಿಲ್ಲ. ದೊಡ್ಡ ಪೆಟ್ಟಿನ ಅನುರಣನೆ ಎಷ್ಟು ಹೊತ್ತು ನಿಲ್ಲುತ್ತದೆ, ಎದುರಿನವಳು ಯಾವಾಗ ಉಸಿರು ಎಳೆದುಕೊಳ್ಳುತ್ತಾಳೆ ಎಂಬುದನ್ನು ನೋಡಿಕೊಂಡು ಎಲ್ಲರೂ ಕಾಯಬೇಕು. ಎತ್ತಿದ ತೋಳುಗಳು ಗಾಳಿಯಲ್ಲಿ ನಿಂತಿರುತ್ತವೆ. ಆ ಹೊತ್ತಿನಲ್ಲಿ ಒಬ್ಬರ ಮನಸ್ಸೂ ಬೇರೆಲ್ಲೂ ಇರುವುದಿಲ್ಲ.

ಹತ್ತು ಮೀಟರಿನ ಲೆಕ್ಕ

ತೈಕೊವನ್ನು ಒಬ್ಬರೇ ಮನೆಯಲ್ಲಿ ಕೂತು ಅಭ್ಯಾಸ ಮಾಡಬಹುದು. ಆದರೆ ಅದು ಅರೆಬರೆ. ಯಾಕೆಂದು ಒಂದು ಚಿಕ್ಕ ಲೆಕ್ಕದಿಂದ ತಿಳಿಯುತ್ತದೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ವೇದಿಕೆಯ ಈ ತುದಿಯಿಂದ ಆ ತುದಿಗೆ 10 ಮೀಟರ್ ಇದ್ದರೆ, ಅಲ್ಲಿನ ಪೆಟ್ಟು ಇಲ್ಲಿಗೆ ತಲುಪಲು ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 29 ಭಾಗ ಹಿಡಿಯುತ್ತದೆ. ಒಟ್ಟಿಗೆ ಬಾರಿಸುವವರಿಗೆ ಲಯ ಕದಡಿದಂತೆ ಅನ್ನಿಸಲು ಇಷ್ಟು ತಡ ಸಾಕು. ಕಿವಿಯೊಂದನ್ನೇ ನಂಬಿದರೆ ಪ್ರತಿಯೊಬ್ಬರೂ ಇನ್ನೊಬ್ಬರಿಗಾಗಿ ಕಾಯುತ್ತಾ ಇಡೀ ತಂಡ ನಿಧಾನವಾಗುತ್ತಾ ಹೋಗುತ್ತದೆ. ತೋಳನ್ನು ಅಷ್ಟು ಎತ್ತರಕ್ಕೆ ಎತ್ತುವುದು ಚಂದಕ್ಕೆ ಮಾತ್ರವಲ್ಲ. ಬೆಳಕು ಸದ್ದಿಗಿಂತ ಬೇಗ ಬರುತ್ತದೆ, ಎತ್ತಿದ ತೋಳು ದೂರದಿಂದಲೂ ಕಾಣುತ್ತದೆ. ತೈಕೊ ಬಾರಿಸುವವರು ಕಣ್ಣಿನಿಂದಲೂ ಕೇಳುತ್ತಾರೆ. ಕೊರೊನಾ ಕಾಲದಲ್ಲಿ ಜೂಮ್‌ನಲ್ಲಿ ತರಗತಿ ನಡೆಸಿದ ತಂಡಗಳಿಗೆ ಇದು ಚೆನ್ನಾಗಿ ಅರಿವಾಯಿತು. ಅಂತರ್ಜಾಲದಲ್ಲಿ ಸದ್ದು ತಡವಾಗಿ, ಹೆಚ್ಚುಕಡಿಮೆಯಾಗಿ ಬರುವುದರಿಂದ ಒಟ್ಟಿಗೆ ಬಾರಿಸುವುದೇ ಆಗುತ್ತಿರಲಿಲ್ಲ. ಕಲಿಸುವವರು ಉಳಿದವರ ಮೈಕ್ ಮುಚ್ಚಿಸಬೇಕಿತ್ತು.

ಒಟ್ಟಿಗೆ ಬಾರಿಸುವುದು ಮನುಷ್ಯರಿಗೆ ಏನು ಮಾಡುತ್ತದೆ ಎಂಬ ಬಗ್ಗೆ ಅಧ್ಯಯನಗಳಿವೆ. ಕಿರ್ಶ್ನರ್ ಮತ್ತು ಟೊಮಾಸೆಲ್ಲೊ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಎರಡೂವರೆ ವರ್ಷದ ಮಕ್ಕಳು ಕೂಡ ಯಂತ್ರದ ಜೊತೆಗಿಂತ ಎದುರಿಗಿರುವ ಮನುಷ್ಯರ ಜೊತೆ ಡೋಲಿನ ಲಯ ಚೆನ್ನಾಗಿ ಕೂಡಿಸುತ್ತಾರೆ. ರಾಬಿನ್ ಡನ್ಬಾರ್ ಮತ್ತು ಸಂಗಡಿಗರು 2012ರಲ್ಲಿ, ಹಾಡುವವರಲ್ಲಿ, ಕುಣಿಯುವವರಲ್ಲಿ, ಡೋಲು ಬಾರಿಸುವವರಲ್ಲಿ ನೋವು ತಡೆಯುವ ಶಕ್ತಿ ಹೆಚ್ಚುವುದನ್ನು ತೋರಿಸಿದರು. ಸುಮ್ಮನೆ ಸಂಗೀತ ಕೇಳಿದವರಲ್ಲಿ ಹಾಗಾಗಲಿಲ್ಲ. ಮೈಯೊಳಗೆ ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದರ ಗುರುತು ಅದು ಎಂಬುದು ಅವರ ವಿವರಣೆ. ಲಂಡನ್ನಿನಲ್ಲಿ ಡೇಸಿ ಫ್ಯಾನ್‌ಕೋರ್ಟ್ ಮತ್ತಿತರರು ಮಾನಸಿಕ ಆರೋಗ್ಯ ಸೇವೆ ಪಡೆಯುತ್ತಿದ್ದವರಿಗೆ 10 ವಾರ ಗುಂಪಿನಲ್ಲಿ ಡೋಲು ಕಲಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಖಿನ್ನತೆ, ಆತಂಕ ತಗ್ಗಿದ್ದವು. ಆದರೆ ಅದು ಚಿಕ್ಕ ಗುಂಪಿನ ಅಧ್ಯಯನ, ಅಲ್ಲಿ ಬಾರಿಸಿದ್ದು ಆಫ್ರಿಕಾದ ಜೆಂಬೆ. ಅದನ್ನು ಹಿಡಿದುಕೊಂಡು ತೈಕೊ ಔಷಧ ಎಂದು ಸಾರುವುದು ಸರಿಯಲ್ಲ. ಚಿಕಿತ್ಸೆ ಬೇಕಾದವರಿಗೆ ಚಿಕಿತ್ಸೆಯೇ ಬೇಕು.

ನನಗೆ ಅಧ್ಯಯನಗಳಿಗಿಂತ ಹೆಚ್ಚು ಮನವರಿಕೆ ಮಾಡಿಕೊಡುವುದು ತೈಕೊದ ಒಳಗಿನ ವ್ಯವಸ್ಥೆ. ಪ್ರತಿ ರಚನೆಯಲ್ಲೂ ಯಾರಾದರೂ ಒಬ್ಬರು ತಳದ ಲಯ ಹಿಡಿದಿರಬೇಕು. ಅದಕ್ಕೆ ‘ಜಿ ಉಚಿ’ ಎನ್ನುತ್ತಾರೆ. ಹತ್ತು ನಿಮಿಷ ಅದೇ ದೊಂಕೊ ದೊಂಕೊ, ಏರಿಸುವಂತಿಲ್ಲ, ಇಳಿಸುವಂತಿಲ್ಲ, ಅಲಂಕಾರವಿಲ್ಲ, ಚಪ್ಪಾಳೆಯೂ ಇಲ್ಲ. ಅದರ ಮೇಲೆ ಉಳಿದವರು ಒಬ್ಬೊಬ್ಬರಾಗಿ ಮುಂದೆ ಬಂದು ತಮ್ಮ ಕೈಚಳಕ ತೋರಿಸುತ್ತಾರೆ. ಮನೆಗಳಲ್ಲಿ ಇಂಥ ತಳದ ಕೆಲಸ ಯಾರ ಪಾಲಿಗೆ ಬಂದಿದೆ ಎಂದು ಹೇಳಬೇಕಿಲ್ಲ. ಒಳ್ಳೆಯ ತೈಕೊ ತಂಡದಲ್ಲಿ ಈ ಕೆಲಸ ಸರದಿಯ ಮೇಲೆ ಬರುತ್ತದೆ. ಈಗ ಮುಂದೆ ನಿಂತು ಮೆರೆದವಳು ಮುಂದಿನ ಹಾಡಿಗೆ ಹಿಂದೆ ಹೋಗಿ ಚಿಕ್ಕ ಡೋಲಿನ ಮುಂದೆ ಕೂರುತ್ತಾಳೆ. ಮೆರೆದವಳಿಗೆ ತನ್ನನ್ನು ಹೊತ್ತು ನಿಂತದ್ದು ಯಾರೆಂದು ಗೊತ್ತು, ಹೊತ್ತವಳಿಗೆ ತನ್ನ ಸರದಿಯೂ ಬರುತ್ತದೆಂದು ಗೊತ್ತು. ತೈಕೊ ಬಳಗಗಳಲ್ಲಿ ಕಾಣುವ ಗಾಢ ಸ್ನೇಹಕ್ಕೆ ಕಾರಣ ಹುಡುಕುವುದಾದರೆ ನಾನು ಇಲ್ಲೇ ಹುಡುಕುತ್ತೇನೆ.

ಮಗುಚಿದ ತೊಟ್ಟಿಯಿಂದ ಶುರು

ಡೋಲಿನ ಹುಟ್ಟಿನ ಬಗ್ಗೆ ತೈಕೊದವರು ಹೇಳುವ ಕಥೆಯ ನಾಯಕಿ ಒಬ್ಬ ಹೆಣ್ಣು. 712ರಲ್ಲಿ ಬರೆಹಕ್ಕಿಳಿದ ಜಪಾನಿನ ಪುರಾಣ ಗ್ರಂಥ ‘ಕೊಜಿಕಿ’ಯಲ್ಲಿ ಈ ಕಥೆ ಇದೆ. ತಮ್ಮನ ಪುಂಡಾಟಕ್ಕೆ ಬೇಸತ್ತ ಸೂರ್ಯದೇವಿ ಅಮತೆರಾಸು ಗುಹೆಯೊಳಗೆ ಹೋಗಿ ಬಂಡೆ ಮುಚ್ಚಿಕೊಳ್ಳುತ್ತಾಳೆ. ಲೋಕ ಕತ್ತಲಾಗುತ್ತದೆ. ದೇವತೆಗಳ ಯಾವ ಉಪಾಯಕ್ಕೂ ಬಗ್ಗುವುದಿಲ್ಲ. ಆಗ ಉಜುಮೆ ಎಂಬ ದೇವತೆ ತೊಟ್ಟಿಯೊಂದನ್ನು ಮಗುಚಿ ಹಾಕಿ, ಅದರ ಮೇಲೇರಿ ಧಡಧಡ ತುಳಿದು ಕುಣಿಯುತ್ತಾಳೆ. ಎಂಟು ಮಿಲಿಯನ್ ದೇವತೆಗಳು ಗೊಳ್ಳೆಂದು ನಗುತ್ತಾರೆ. ಇದೇನು ಸದ್ದು ಎಂದು ಅಮತೆರಾಸು ಬಂಡೆ ಸರಿಸಿ ಇಣುಕುತ್ತಾಳೆ, ಬೆಳಕು ಮರಳುತ್ತದೆ.

ಕಥೆ ಹೀಗಿದ್ದರೂ ರೂಢಿ ಬೇರೆಯೇ ದಾರಿ ಹಿಡಿಯಿತು. ಮುಟ್ಟು, ಹೆರಿಗೆಗಳ ಮೈಲಿಗೆಯನ್ನು ಮುಂದಿಟ್ಟು ಅನೇಕ ಹಬ್ಬಗಳಲ್ಲಿ ಹೆಂಗಸರನ್ನು ದೇವರ ಡೋಲಿನಿಂದ ದೂರವಿಟ್ಟರು. ಕನ್ನಡದ ಓದುಗರಿಗೆ ಈ ತರ್ಕ ಹೊಸದಲ್ಲ. ಆಧುನಿಕ ತಂಡಗಳೂ ಮೊದಲಿಗೆ ಇದರಿಂದ ಪೂರ್ತಿ ಹೊರಬರಲಿಲ್ಲ. ಲಂಗೋಟಿ ಉಟ್ಟು, ಪ್ರೇಕ್ಷಕರಿಗೆ ಬೆನ್ನು ಹಾಕಿ ಬೃಹತ್ ‘ಒ ದೈಕೊ’ ಬಾರಿಸುವ ಬೆವರಿದ ಗಂಡಸು ತೈಕೊದ ಗುರುತಾಗಿಬಿಟ್ಟ. ಹೆಂಗಸರಿಗೆ ಹೆಚ್ಚಾಗಿ ಕುಣಿತ, ಕೊಳಲು, ಚಿಕ್ಕ ಡೋಲು.

ಟೋಕಿಯೊದಿಂದ ದಕ್ಷಿಣಕ್ಕೆ ಸುಮಾರು 290 ಕಿಲೋಮೀಟರ್ ದೂರದ ಹಚಿಜೊ ದ್ವೀಪದಲ್ಲಿ ಮಾತ್ರ ಚಿತ್ರ ಬೇರೆ. ಹಿಂದೆ ಗಡೀಪಾರು ಶಿಕ್ಷೆಯಾದವರನ್ನು ಕಳಿಸುತ್ತಿದ್ದ ಜಾಗ ಅದು. ಹಳದಿ ಬಣ್ಣದ ರೇಷ್ಮೆ ನೇಯುತ್ತಿದ್ದ ಅಲ್ಲಿನ ಹೆಂಗಸರು ಕೂಟಗಳಲ್ಲಿ ಡೋಲನ್ನೂ ಬಾರಿಸುತ್ತಿದ್ದರು ಎಂದು ಹೇಳುತ್ತಾರೆ. ಒಂದೇ ಡೋಲು, ಎರಡು ಮುಖ, ಇಬ್ಬರು. ಒಬ್ಬರು ತಳದ ಲಯ ಹಿಡಿದರೆ ಇನ್ನೊಬ್ಬರು ಅದರ ಮೇಲೆ ಮನಸ್ಸಿಗೆ ಬಂದಂತೆ ಮಾತಾಡುತ್ತಾರೆ. ಕೊದೊ ತಂಡದ ಆರಂಭದ ಸದಸ್ಯೆಯರಲ್ಲೊಬ್ಬರಾದ ಚಿಯೆಕೊ ಕೊಜಿಮಾ ಈ ದ್ವೀಪದ ಶೈಲಿಯನ್ನು ಎತ್ತಿಕೊಂಡು, ಕುಣಿತವೂ ಬಡಿತವೂ ಒಂದಾದ ಹೆಂಗಸರದೇ ಆದ ಬಗೆಯೊಂದನ್ನು ವೇದಿಕೆಗೆ ತಂದರು. ಗಂಡಸರ ಹಾಗೆ ಬಾರಿಸುವುದೊಂದೇ ದಾರಿಯಲ್ಲ ಎಂದು ತೋರಿಸಿಕೊಟ್ಟದ್ದು ಅವರ ದೊಡ್ಡ ಕಾಣಿಕೆ ಎಂದು ನನಗನ್ನಿಸುತ್ತದೆ. ಟೋಕಿಯೊದಲ್ಲಿ 1997ರಲ್ಲಿ ಕಾವೊರಿ ಅಸಾನೊ ಕಟ್ಟಿದ ಗೊಕೂ ತಂಡದಲ್ಲಿಯೂ ಮುಂಚೂಣಿಯಲ್ಲಿರುವುದು ಹೆಂಗಸರು.

ಆದರೂ ಹೆಂಗಸರ ಕೈಗೆ ತೈಕೊ ನಿಜವಾಗಿ ಬಂದದ್ದು ಸಮುದ್ರದಾಚೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಅಮೆರಿಕ ಸರ್ಕಾರ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನು ಮನೆಗಳಿಂದ ಎಬ್ಬಿಸಿ ಮುಳ್ಳುತಂತಿಯ ಶಿಬಿರಗಳಲ್ಲಿ ಇಟ್ಟಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ ಆಗಿದ್ದರು. ಕೆನಡಾ ಕೂಡ ಹಾಗೆಯೇ ಮಾಡಿತು. ಬಿಡುಗಡೆಯಾದ ಮೇಲೆ ಆ ತಲೆಮಾರು ತುಟಿ ಬಿಚ್ಚಲಿಲ್ಲ. ಮಕ್ಕಳಿಗೆ ಭಾಷೆ ಕಲಿಸಲಿಲ್ಲ, ಕಂಡವರ ಕಣ್ಣಿಗೆ ಬೀಳದಂತೆ ಬದುಕಿತು. ಆ ಮೌನದಲ್ಲಿ ಬೆಳೆದವರು 1960ರ ದಶಕದ ನಾಗರಿಕ ಹಕ್ಕುಗಳ ಚಳವಳಿಯ ಕಾಲಕ್ಕೆ ಪ್ರಾಯಕ್ಕೆ ಬಂದಿದ್ದರು. ಸೇಯಿಚಿ ತನಾಕಾ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ತೈಕೊ ಶಾಲೆ ತೆರೆದರು. ಮರುವರ್ಷ ಲಾಸ್ ಏಂಜಲೀಸ್‌ನ ಬೌದ್ಧ ದೇವಾಲಯವೊಂದರಲ್ಲಿ ಕಿನ್ನರ ತೈಕೊ ಶುರುವಾಯಿತು. ಹೌದು, ನಮ್ಮ ಪುರಾಣಗಳ ಕಿನ್ನರರೇ, ಬೌದ್ಧಧರ್ಮದ ಜೊತೆ ಅಷ್ಟು ದೂರ ಹೋದವರು. ಜಪಾನಿನಿಂದ ಡೋಲು ತರಿಸಲು ಹಣವಿಲ್ಲದ ಇವರು ವೈನ್ ಪೀಪಾಯಿಗಳಿಗೆ ಚರ್ಮ ಬಿಗಿದು ಡೋಲು ಮಾಡಿಕೊಂಡರು. 1973ರಲ್ಲಿ ಸ್ಯಾನ್ ಹೊಸೆ ತೈಕೊ ಬಂತು. ಅದನ್ನು ದಶಕಗಳ ಕಾಲ ಮುನ್ನಡೆಸಿದ ರಾಯ್ ಮತ್ತು ಪಿ.ಜೆ. ಹಿರಬಯಾಶಿ ದಂಪತಿಗೆ 2011ರಲ್ಲಿ ಅಮೆರಿಕದ ರಾಷ್ಟ್ರೀಯ ಪಾರಂಪರಿಕ ಕಲಾ ಗೌರವ ಸಿಕ್ಕಿತು.

ಈ ತಂಡಗಳಲ್ಲಿ ಹೆಂಗಸರು ಮೊದಲಿನಿಂದಲೂ ಇದ್ದರು. ಏಷ್ಯಾದ ಹೆಣ್ಣು ಎಂದರೆ ಮೆತ್ತನೆಯ ದನಿಯ, ತಲೆತಗ್ಗಿಸಿದ ಗೊಂಬೆ ಎಂದು ನಂಬಿದ್ದ ಸಮಾಜದ ಮುಂದೆ ಅವರು ಕಾಲು ಅಗಲಿಸಿ ನಿಂತು ಕೂಗಿದರು. ವ್ಯಾಂಕೂವರಿನಲ್ಲಿ 1979ರಲ್ಲಿ ಕೆನಡಾದ ಮೊದಲ ತಂಡ ಕತರಿ ತೈಕೊ ಹುಟ್ಟಿತು. ‘ಕತರಿ’ ಅಂದರೆ ಮಾತಾಡುವುದು. ಯಾರೂ ಒಬ್ಬ ಗುರುವಿಲ್ಲದೆ ಎಲ್ಲರೂ ಕೂತು ಚರ್ಚಿಸಿ ತೀರ್ಮಾನಿಸುವ ಕ್ರಮ ಅಲ್ಲಿತ್ತು. ಅದೇ ಊರಿನಲ್ಲಿ 1990ರಲ್ಲಿ ಹೆಂಗಸರದೇ ತಂಡವೊಂದು ಎದ್ದು ‘ಸವಾಗಿ’ ಎಂದು ಹೆಸರಿಟ್ಟುಕೊಂಡಿತು. ‘ಸವಾಗಿ’ ಎಂದರೆ ಗದ್ದಲ. ಟೊರೊಂಟೊದ ಹೆಂಗಸರು 1998ರಲ್ಲಿ ಕಟ್ಟಿದ ತಂಡದ ಹೆಸರಿನಲ್ಲೇ ರೋಷವಿದೆ, ‘ರೇಜಿಂಗ್ ಏಷ್ಯನ್ ವಿಮೆನ್’. ಇಂದು ಉತ್ತರ ಅಮೆರಿಕದ ತೈಕೊ ಬಾರಿಸುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು. ಆದರೂ ಹಣ ಮತ್ತು ಹೆಸರು ತರುವ ದೊಡ್ಡ ವೇದಿಕೆಗಳಲ್ಲಿ ಗಂಡಸರೇ ಹೆಚ್ಚು ಕಾಣುತ್ತಿದ್ದರು. ಇದನ್ನು ತಿದ್ದಲೆಂದು ತೈಕೊ ವಾದಕಿ ಜೆನಿಫರ್ ವೀರ್ ಜಪಾನ್ ಮತ್ತು ಉತ್ತರ ಅಮೆರಿಕದ ಹೆಸರಾಂತ ವಾದಕಿಯರನ್ನು ಮಿನೆಸೋಟಾದ ಸೇಂಟ್ ಪಾಲ್‌ನಲ್ಲಿ ಒಟ್ಟುಗೂಡಿಸಿದರು. ಕೊಜಿಮಾ, ಅಸಾನೊ, ಟಿಫನಿ ತಮರಿಬುಚಿ ಎಲ್ಲರೂ ಒಂದೇ ವೇದಿಕೆಯಲ್ಲಿ. ಅದು 2020ರ ಫೆಬ್ರವರಿ. ಕೆಲವೇ ವಾರಗಳಲ್ಲಿ ಜಗತ್ತಿನ ವೇದಿಕೆಗಳೆಲ್ಲ ಮುಚ್ಚಿದವು.

ಚರ್ಮದ ಮಾತು

ಡೋಲಿನ ಕಥೆ ಹೇಳುವವರು ಚರ್ಮದ ಕಥೆಯನ್ನು ಬಿಟ್ಟುಬಿಡುತ್ತಾರೆ. ಜಪಾನಿನಲ್ಲಿ ಚರ್ಮ ಹದ ಮಾಡಿ ತೈಕೊ ಕಟ್ಟುತ್ತಿದ್ದವರಲ್ಲಿ ಬಹಳ ಮಂದಿ ಬುರಾಕು ಸಮುದಾಯದವರು. ಸತ್ತ ಪ್ರಾಣಿಯನ್ನು ಮುಟ್ಟುವವರೆಂದು ಊರು ಅವರನ್ನು ಶತಮಾನಗಳ ಕಾಲ ದೂರವಿಟ್ಟಿತ್ತು. ಅವರು ಮಾಡಿದ ಡೋಲು ದೇವರ ಮುಂದೆ, ಅವರು ಊರ ಹೊರಗೆ. 1987ರಲ್ಲಿ ಒಸಾಕಾದ ನನಿವಾ ಪ್ರದೇಶದ ಬುರಾಕು ಯುವಜನರು ನಾವು ಮಾಡುವ ಡೋಲನ್ನು ನಾವೇ ಬಾರಿಸುತ್ತೇವೆ ಎಂದು ತಂಡ ಕಟ್ಟಿ ‘ಇಕಾರಿ’, ಅಂದರೆ ಸಿಟ್ಟು, ಎಂದು ಹೆಸರಿಟ್ಟರು. ತಮಟೆಯನ್ನು ಯಾರು ಕಟ್ಟುತ್ತಾರೆ, ಯಾರು ಬಾರಿಸುತ್ತಾರೆ, ಅವರನ್ನು ಎಲ್ಲಿ ನಿಲ್ಲಿಸುತ್ತಿದ್ದರು ಎಂಬುದು ಗೊತ್ತಿರುವ ನಾವು ಇದನ್ನು ಓದಿ ಸುಮ್ಮನೆ ಮುಂದೆ ಹೋಗಲಾಗದು. ನಮ್ಮ ಮಾತಿನಲ್ಲೇ ನೋಡಿ, ಮೃದಂಗವನ್ನು ‘ನುಡಿಸುತ್ತೇವೆ’, ತಮಟೆಯನ್ನು ‘ಬಡಿಯುತ್ತೇವೆ’. ಎರಡರಲ್ಲೂ ಇರುವುದು ಚರ್ಮವೇ. ಮೈಲಿಗೆಯ ನೆಪದಲ್ಲಿ ದೂರವಿಟ್ಟ ಹೆಂಗಸರೂ ದೂರವಿಟ್ಟ ಸಮುದಾಯಗಳೂ ಒಂದೇ ವಾದ್ಯದ ಕಡೆಗೆ ನಡೆದುಬಂದದ್ದು ಆಕಸ್ಮಿಕವಲ್ಲ. ಇಂದು ಕರ್ನಾಟಕದಲ್ಲಿ ಹೆಂಗಸರು ಡೊಳ್ಳನ್ನು ಹೆಗಲಿಗೇರಿಸಿ ಕುಣಿಯುವುದನ್ನು ನೋಡುವಾಗಲೂ ನನಗೆ ಇದೇ ನೆನಪಾಗುತ್ತದೆ.

ಕಲಿಯಲು ಹೊರಡುವವರಿಗೆ ಎರಡು ಮಾತು. ಕಿವಿಗೆ ರಕ್ಷಣೆ ಬೇಕು, ಮುಚ್ಚಿದ ಕೋಣೆಯಲ್ಲಿ ತೈಕೊದ ಸದ್ದು ಕೇಳುವ ಶಕ್ತಿಗೆ ಪೆಟ್ಟು ಕೊಡುವಷ್ಟಿರುತ್ತದೆ. ಬೆರಳ ಬುಡದಲ್ಲಿ ಮೊದಲ ವಾರವೇ ಬೊಬ್ಬೆ ಏಳುತ್ತದೆ, ಟೇಪು ಸುತ್ತಿಕೊಂಡು ಬಾರಿಸುತ್ತಾರೆ. ಎಲ್ಲ ತಂಡಗಳೂ ಅಕ್ಕರೆಯ ಕೂಟಗಳಲ್ಲ, ಮಿಲಿಟರಿ ಶಿಸ್ತಿನವೂ ಇವೆ. ತರಗತಿ ಮುಗಿದ ಮೇಲೆ ಏನು ನಡೆಯುತ್ತದೆ ಎಂದು ಒಮ್ಮೆ ನಿಂತು ನೋಡಿ. ಬಾರಿಸುವುದಕ್ಕೆ ಮೊದಲು ಒಬ್ಬರಿಗೊಬ್ಬರು ಬಾಗಿ ವಂದಿಸಿದವರು ಮುಗಿದ ಮೇಲೂ ಬಾಗುತ್ತಾರೆ. ಬಚಿಗಳನ್ನು ಚೀಲಕ್ಕೆ ಸೇರಿಸುತ್ತಾರೆ, ಕೋಲಿನಿಂದ ಉದುರಿದ ಮರದ ಸಿಬಿರುಗಳನ್ನು ಗುಡಿಸಿ, ಬೆವರು ಬಿದ್ದ ನೆಲವನ್ನು ಒರೆಸುತ್ತಾರೆ. ಇದರಲ್ಲಿ ಹಳಬರು ಹೊಸಬರು ಎಂಬ ಭೇದವಿರುವುದಿಲ್ಲ. ಕೊನೆಗೆ ಉಳಿಯುವುದು ದೊಡ್ಡ ಡೋಲು. ಅದನ್ನು ಒಬ್ಬರು ಎತ್ತಲಾರರು, ಇಬ್ಬರೂ ಎತ್ತಲಾರರು. ಬಟ್ಟೆ ಹೊದಿಸಿ, ನಾಲ್ಕು ಕಡೆ ನಾಲ್ವರು ನಿಂತು, ಮಂಡಿ ಬಾಗಿಸಿ, ಒಬ್ಬರ ಮುಖ ಒಬ್ಬರು ನೋಡಿ ‘ಸೇ ನೋ’ ಎನ್ನುತ್ತಾರೆ, ನಮ್ಮವರು ಭಾರ ಎತ್ತುವಾಗ ‘ಐಸಾ’ ಎಂದ ಹಾಗೆ. ಡೋಲು ನೆಲ ಬಿಟ್ಟು ಏಳುತ್ತದೆ, ಯಾರೋ ಮುಂದೆ ಓಡಿ ವ್ಯಾನಿನ ಬಾಗಿಲು ತೆರೆಯುತ್ತಾರೆ.